ನಿಮ್ಮ ಕಡತದ ಮೇಲಿರುವ ಕಂಬಿಯ ತುಂಡು

ಕಟ್ಟಡ ತಪಾಸಣೆಯ ಅಧಿಕಾರಿಗಳೇ, ಮಾನ್ಯರೇ,

ನಾನು ನಂಬಿ ಕೈಗಿಟ್ಟ ಸಾಕ್ಷಿಯನ್ನು ನೀವು ಪೇಪರ್‌ವೇಯ್ಟ್ ಮಾಡಿಕೊಂಡಿದ್ದೀರಿ. ಅದರ ಕೆಳಗಿದ್ದದ್ದು ‘ಶಾಲೆಯ ಮಹಡಿಯ ಮೊಗಸಾಲೆ ಸುಭದ್ರ’ ಎಂದು ನೀವೇ ಸಹಿ ಹಾಕಿದ ಪತ್ರ. ಸೋಮವಾರ ಶಾಲೆ ತೆರೆದೊಡನೆ ಆ ಮೊಗಸಾಲೆಯಲ್ಲಿ ಮಕ್ಕಳು ನಿಲ್ಲುತ್ತಾರೆ. ನನ್ನ ಮಗಳೂ ನಿಲ್ಲುತ್ತಾಳೆ.

ನಡೆದದ್ದನ್ನು ಊರೆಲ್ಲ ಕೇಳಲಿ ಎಂದೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಮೊಗಸಾಲೆಗೆಂದು ಗೋಡೆಯಿಂದ ನಲವತ್ತು ಕಂಬಿಗಳನ್ನು ಹೊರಚಾಚಿ ಕಟ್ಟಿದವನು ನಾನು. ಸಾಮಾನು ಏರಿಸಲು ಅಡ್ಡ ಬರುತ್ತವೆಂದು ಮೇಸ್ತ್ರಿ ಅವನ್ನೆಲ್ಲ ಮೇಲಕ್ಕೆ ಬಗ್ಗಿಸಿದ. ತಿಂಗಳಾದ ಮೇಲೆ ಮತ್ತೆ ನೆಟ್ಟಗೆ ಮಾಡಿಸಿದ. ಕಾಯಿಸದೆ, ತಣ್ಣಗಿನ ಕಂಬಿಗೇ ಕೊಳವೆ ತೊಡಿಸಿ, ನಾನೂ ನನ್ನ ಭಾವನೂ ಜೋತುಬಿದ್ದು ಇಳಿಸಿದೆವು. ಬೇಡವೆನ್ನದೆ ಬಾಯಿ ಮುಚ್ಚಿಕೊಂಡದ್ದು ನನ್ನ ತಪ್ಪು. ಹನ್ನೆರಡನೆಯದು ಚಟ್ಟೆಂದು ಕೈಗೇ ಬಂತು.

“ಭಾವ, ಇದೊಂದು ಮುರೀತು.”

“ಇದೊಂದು ಬಾಯಿಬಿಟ್ಟು ಹೇಳ್ತು ಕಣೋ. ಮಿಕ್ಕಿದ್ದು ನಿನ್ನ ಹಾಗೇ, ನುಂಗ್ಕೊಂಡು ಕೂತಿವೆ.”

ಮುರಿದದ್ದರ ಜಾಗಕ್ಕೆ ಬೇರೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದರು. ಮೂವತ್ತೊಂಬತ್ತು ಒಳಗೇ ಇವೆ.

ನಿಮ್ಮ ಪುಸ್ತಕಗಳು ‘ಉಳಿಕೆ ಒತ್ತಡ’ ಎನ್ನುವುದು ಇದನ್ನೇ ಅಲ್ಲವೇ? ತಣ್ಣಗೆ ಬಗ್ಗಿಸಿದ ಕಂಬಿ, ಕೈಬಿಟ್ಟೊಡನೆ ತುಸು ಹಿಂದಕ್ಕೆ ಚಿಮ್ಮುತ್ತದೆ. ಚಿಮ್ಮಲಾಗದ ಸೆಡವು ಒಳಗೇ ಉಳಿಯುತ್ತದೆ. ಅದನ್ನೇ ಮತ್ತೆ ಎಳೆದು ನೆಟ್ಟಗೆ ಮಾಡಿದರೆ ಆ ಜಾಗ ಪೆಡಸಾಗುತ್ತದೆ. ನೋಡುವವರಿಗೆ ನೇರವಾದ ಕಂಬಿ, ಒಳಗೆ ಬಿರುಕೆಷ್ಟೋ.

ಮುರಿದ ತುಂಡನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮಲ್ಲಿಗೆ ತಂದೆ. ಕೂರಿಸಿದಿರಿ, ಟೀ ತರಿಸಿದಿರಿ. “ನಿಮ್ಮಂಥ ಪ್ರಾಮಾಣಿಕರು ಎಲ್ಲಿದ್ದಾರಪ್ಪಾ! ಬಿಟ್ಟುಹೋಗಿ, ಪ್ರಯೋಗಾಲಯಕ್ಕೆ ಕಳಿಸ್ತೀನಿ” ಎಂದಿರಿ. ಮನೆಯಲ್ಲಿ ಹೇಳಿಕೊಂಡು ಮೆರೆದೆ.

“ಕುರ್ಚಿ ಕೊಟ್ರಾ?” ಎಂದಳು ಹೆಂಡತಿ.

“ಕೊಟ್ರು ಕಣೇ.”

“ಟೀನೂ?”

“ಟೀನೂ.”

“ಹಂಗಾದ್ರೆ ಅಲ್ಲಿಗೇ ಮುಗೀತು ಬಿಡಿ.”

ಅವಳೊಡನೆ ಜಗಳವಾಡಿದೆ. ನಿಮ್ಮ ಪರವಾಗಿ, ಮಾನ್ಯರೇ! ಮೂರು ವಾರ ಬಿಟ್ಟು ಬಂದಾಗ ತುಂಡು ನಿಮ್ಮ ಮೇಜಿನ ಮೇಲೇ ಇತ್ತು. ನಿಮ್ಮ ಪ್ರಯೋಗಾಲಯ ಆ ಮೇಜೇ ಏನು? ಫ್ಯಾನಿನ ಗಾಳಿಗೆ ಕಾಗದ ಹಾರದಿದ್ದರೆ ಕಬ್ಬಿಣ ಪಾಸಾದಂತೆಯೇ? ನನ್ನ ಮುಖ ನೋಡಿ ನೀವಂದದ್ದು, “ಒಳ್ಳೇ ತೂಕ ಇದೆ ರೀ.”

ಸೋಮವಾರದೊಳಗೆ ಮೊಗಸಾಲೆಗೆ ಬೀಗ ಹಾಕಿಸಿ. ನಿಮಗಿಷ್ಟ ಬಂದ ಐದು ಕಂಬಿಗಳ ಬುಡ ಒಡೆಸಿ ನೋಡಿ. ಉಳಿ, ಸುತ್ತಿಗೆ ನಾನೇ ತರುತ್ತೇನೆ. ಎಲ್ಲವೂ ಗಟ್ಟಿಯಿದ್ದರೆ ಇದೇ ಪತ್ರಿಕೆಯಲ್ಲಿ ನಿಮ್ಮ ಕ್ಷಮೆ ಕೇಳುತ್ತೇನೆ. ಒಡೆಸುವುದಿಲ್ಲವೇ? ಹಾಗಿದ್ದರೆ ಸೋಮವಾರ ಬೆಳಗ್ಗೆ ಬಂದು ನನ್ನ ಮಗಳ ಪಕ್ಕದಲ್ಲಿ ನಿಲ್ಲಿ.

ಇಂತಿ,
ಆ ಮೂವತ್ತೊಂಬತ್ತನ್ನೂ ನೆಟ್ಟಗೆ ಮಾಡಿ, ನಿಮ್ಮ ಟೀ ಕುಡಿದು ಸುಮ್ಮನೆ ಮನೆಗೆ ಹೋದ
ಕಂಬಿ ಕೆಲಸದವನು