‘ಕಾಲಿ’ ಎಂದರೆ ಖಾಲಿಯಲ್ಲ, ಮಾನ್ಯರೇ

ಅಗ್ನಿಶಾಮಕ ವಲಯದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕಚೇರಿಯ ವರದಿಯ ಪ್ರಕಾರ ನನ್ನ ತಾಯಿ ಸುಳ್ಳು ಹೇಳಿ ಸತ್ತಿದ್ದಾಳೆ. ‘ಮನೆ ಖಾಲಿಯಿದೆ ಎಂದು ಕರೆ ಮಾಡಿದವರೇ ತಪ್ಪು ಮಾಹಿತಿ ನೀಡಿದ್ದರಿಂದ ವಾಹನ ರವಾನೆಯಲ್ಲಿ ವಿಳಂಬವಾಗಿರುತ್ತದೆ’ ಎಂದು ಅದರಲ್ಲಿ ಬರೆದಿದೆ. ಕರೆ ಮಾಡಿದವಳು ವೆಂಕಟರತ್ನಮ್ಮ, ನನ್ನ ಅಮ್ಮ. ಆ ಖಾಲಿ ಮನೆಯೊಳಗೆ ಉಸಿರುಗಟ್ಟಿ ಸತ್ತವಳೂ ಅವಳೇ. ಹೆಂಗಸೊಬ್ಬಳು ಉರಿಯುವ ಮನೆಯೊಳಗೆ ಕೂತು ಫೋನ್ ಮಾಡಿ, ಇಲ್ಲಿ ಯಾರೂ ಇಲ್ಲ ಎಂದು ತಿಳಿಸಿ ಸತ್ತಳು ಎಂಬ ಸಂಗತಿ, ಈ ವಾಕ್ಯವನ್ನು ಟೈಪು ಮಾಡಿದವರಿಗಾಗಲಿ, ತಿದ್ದಿದವರಿಗಾಗಲಿ, ಕೊನೆಗೆ ಸಹಿ ಹಾಕಿದ ತಮಗಾಗಲಿ ಸ್ವಲ್ಪವೂ ವಿಚಿತ್ರ ಎನಿಸಲಿಲ್ಲವೇ? ಈ ತಿಂಗಳ ಕೊನೆಗೆ ಕಡತ ಮುಚ್ಚುತ್ತೀರಂತೆ. ಮುಚ್ಚಿದ ಮೇಲೆ ಅಮ್ಮನ ಕರೆಯ ಧ್ವನಿಮುದ್ರಣವನ್ನೂ ನಿಯಮದ ಪ್ರಕಾರ ಅಳಿಸಲಾಗುತ್ತದಂತೆ. ಆಮೇಲೆ ಅವಳು ಹೇಳಿದ್ದೇನು ಎನ್ನುವುದಕ್ಕೆ ನಿಮ್ಮ ವಾಕ್ಯವೊಂದೇ ಸಾಕ್ಷಿಯಾಗಿ ಉಳಿಯುತ್ತದೆ. ಮನವಿ ಕೊಟ್ಟು ಕೊಟ್ಟು ಸಾಕಾಗಿ, ಊರಿನವರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಾಮಿನಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಗರಗೆರೆ ಹೋಬಳಿಯ ನಮ್ಮ ಊರಲ್ಲಿ ಅಮ್ಮ, ನಾನು ಇಬ್ಬರೇ ಇದ್ದೆವು. ಆಂಧ್ರದ ಗಡಿ ನಮಗೆ ಕೂಗಳತೆಯ ದೂರ. ನಮ್ಮ ಮನೆಯಲ್ಲೊಂದು ಕಟ್ಟಳೆ ಇತ್ತು: ಹೊಸಲಿನ ಹೊರಗೆ ಕನ್ನಡ, ಒಳಗೆ ತೆಲುಗು. ಶಾಲೆಯಿಂದ ಬಂದವಳು ಮರೆತು ಕನ್ನಡದಲ್ಲೇ ಏನಾದರೂ ಕೇಳಿದರೆ ಅಮ್ಮ ಉತ್ತರವನ್ನೇ ಕೊಡುತ್ತಿರಲಿಲ್ಲ. ‘ಚೆಪ್ಪುಲು ಬಯಟ ಇಡ್ಸಿನಟ್ಲು ಆ ಮಾಟ ಕೂಡಾ ಬಯಟೇ ಇಡ್ಸಿ ರಾವೇ’ ಎನ್ನುತ್ತಿದ್ದಳು. ಚಪ್ಪಲಿ ಬಿಟ್ಟ ಹಾಗೆ ಆ ಮಾತನ್ನೂ ಹೊರಗೇ ಬಿಟ್ಟು ಬಾ ಅಂತ. ಸಂತೆಯಲ್ಲಿ, ಬ್ಯಾಂಕಿನಲ್ಲಿ ಅವಳು ಆಡುತ್ತಿದ್ದ ಕನ್ನಡ ನನ್ನ ವಿದ್ಯಾರ್ಥಿಗಳ ಕನ್ನಡಕ್ಕಿಂತ ಚೆನ್ನಾಗಿತ್ತು. ಆದರೆ ಆ ದಿನ ಅವಳು ಹೊಸಲಿನ ಒಳಗಿದ್ದಳು.

ಮಟಮಟ ಮಧ್ಯಾಹ್ನ. ನಾನು ಶಾಲೆಯಲ್ಲಿದ್ದೆ. ಮುಂಬಾಗಿಲ ಪಕ್ಕದ ಯುಪಿಎಸ್ ಬ್ಯಾಟರಿಗೆ ಬೆಂಕಿ ಹತ್ತಿ, ಅಲ್ಲಿಂದ ಸೋಫಾಕ್ಕೆ ಹಬ್ಬಿತು. ಅಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು, ವಾಕರ್ ಹಿಡಿದು ನಡೆಯುತ್ತಿದ್ದಳು. ಹಿತ್ತಲ ಬಾಗಿಲಿಗೆ ಗ್ರಿಲ್ ಹಾಕಿಸಿ ಬೀಗ ಜಡಿದಿದ್ದೆವು. ಕೀ ಇದ್ದದ್ದು ಬೆಂಕಿಯ ಕಡೆಗೆ, ಮುಂಬಾಗಿಲ ಹಿಂದಿನ ಮೊಳೆಯಲ್ಲಿ. ಅವಳು ಒಳಕೋಣೆಯ ಮಂಚದ ಮೇಲೆ ಕೂತು ನಿಮ್ಮ ತುರ್ತು ಕರೆ ಕೇಂದ್ರಕ್ಕೆ ಫೋನ್ ಮಾಡಿದಳು. ಆ ಕರೆಯನ್ನು ನಿಮ್ಮ ಕಚೇರಿಯಲ್ಲಿ ನನಗೆ ಒಮ್ಮೆ ಕೇಳಿಸಿದ್ದಾರೆ. ಅದನ್ನು ಅಕ್ಷರ ಬಿಡದೆ ಬರೆಯಬಲ್ಲೆ.

ಕರೆ ತೆಗೆದುಕೊಂಡವಳು ಉತ್ತರ ಕರ್ನಾಟಕದ ಕಡೆಯ ಹುಡುಗಿ. ದನಿ ಮೆದು. ಅಮ್ಮ ತೆಲುಗಿನಲ್ಲೇ ‘ಮಂಟ ಮಂಟ’ ಎಂದು ಕೂಗಿ, ಆಮೇಲೆ ‘ಬೆಂಕಿ’ ಎಂದು ಒಂದೇ ಒಂದು ಕನ್ನಡ ಪದ ಹೇಳಿ, ಊರಿನ ಹೆಸರನ್ನು ಸರಿಯಾಗಿಯೇ ಹೇಳುತ್ತಾಳೆ. ಹುಡುಗಿ ಕೇಳಬೇಕಾದ್ದನ್ನೇ ಕೇಳುತ್ತಾಳೆ:

“ಮನ್ಯಾಗ ಯಾರರ ಅದಾರೇನ್ರೀ ಅಮ್ಮಾ?”

“ಇಲ್ಲು ಕಾಲಿಪೋತಾಂದಮ್ಮಾ!”

“ಇಲ್ಲ? ಮನಿ ಖಾಲಿ ಐತ್ರೀ?”

“ಔನಮ್ಮಾ, ಇಲ್ಲು ಕಾಲಿ... ಅಂತಾ ಕಾಲಿಪೋತಾಂದಿ!”

ಮಾನ್ಯರೇ, ‘ಇಲ್ಲು’ ಎಂದರೆ ಮನೆ. ‘ಕಾಲಿಪೋತಾಂದಿ’ ಎಂದರೆ ಸುಟ್ಟುಹೋಗುತ್ತಿದೆ. ‘ಔನು’ ಎಂದರೆ ಹೌದು, ‘ಅಂತಾ’ ಎಂದರೆ ಎಲ್ಲ. ಮನೆ ಸುಡುತ್ತಿದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಅಮ್ಮ ಹೌದಮ್ಮ ಎಂದಳು. ಮನೆ ಬರಿದಾಗಿದೆ ಎಂದಳು ಎಂದುಕೊಂಡು ಹುಡುಗಿ ಪರದೆಯ ಮೇಲೆ ‘ಖಾಲಿ’ ಎಂಬುದನ್ನು ಒತ್ತಿದಳು. ಅದನ್ನು ಒತ್ತಿದರೆ ಒಳಗೆ ಸಿಕ್ಕಿಕೊಂಡವರ ಬಗೆಗಿನ ಉಳಿದ ಪ್ರಶ್ನೆಗಳೆಲ್ಲ ತಾವಾಗಿಯೇ ಮಾಯವಾಗುತ್ತವಂತೆ. ಸಮಯ ಉಳಿಸಲು ಮಾಡಿರುವ ಸುಧಾರಣೆಯಂತೆ. ನಮ್ಮ ಕಡೆ ಮಹಾಪ್ರಾಣ ಯಾರ ನಾಲಿಗೆಯಲ್ಲೂ ನಿಲ್ಲುವುದಿಲ್ಲ. ಖಾಲಿ ಬಸ್ಸೂ ಕಾಲಿ, ಖಾಲಿ ಬಿಂದಿಗೆಯೂ ಕಾಲಿ. ವರ್ಷವಿಡೀ ಬೋರ್ಡಿನ ಮೇಲೆ ಬರೆದು ತಿದ್ದಿ ನಾನೂ ಸೋತಿದ್ದೇನೆ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಈ ಎರಡು ‘ಕಾಲಿ’ಗಳನ್ನು ಬೇರೆ ಮಾಡಿ ಕೇಳುವ ಕಿವಿಯುಳ್ಳವರು ಸಿಗುತ್ತಾರೆ. ಆದರೆ ಬೆಂಕಿ ಬಿದ್ದಾಗ ನಾವು ಕೂಗುವುದು ನಮ್ಮವರಿಗಲ್ಲ, ಎಲ್ಲೋ ಗಾಜಿನ ಕಟ್ಟಡದಲ್ಲಿ ಕೂತ, ನಮ್ಮೂರನ್ನು ನಕ್ಷೆಯಲ್ಲಿ ಮಾತ್ರ ಕಂಡ ಒಬ್ಬ ಹುಡುಗಿಗೆ. ಇದಕ್ಕೆ ತಾವು ಆಧುನೀಕರಣ ಎನ್ನುತ್ತೀರಿ.

ನಮ್ಮ ಪಾಲಿನ ಠಾಣೆಯ ಗಾಡಿ ಆಗ ಸ್ಕಂದಗಿರಿಯ ಇಳಿಜಾರಿನ ಒಣಹುಲ್ಲಿಗೆ ಬಿದ್ದ ಬೆಂಕಿ ಆರಿಸಲು ಹೊರಟಿತ್ತು. ಅಲ್ಲಿಗೆ ಹತ್ತಿರದ ಠಾಣೆಯಲ್ಲಿ ಗಾಡಿಯಿತ್ತು, ಡ್ರೈವರ್ ಇರಲಿಲ್ಲ. ಬೆಟ್ಟದಲ್ಲಿ ಚಾರಣಿಗರಿದ್ದಾರೆ, ನಮ್ಮ ಮನೆ ಖಾಲಿ. ನಿಮ್ಮ ಯಂತ್ರದ ಲೆಕ್ಕದಲ್ಲಿ ತಪ್ಪಿಲ್ಲ ನೋಡಿ! ಡ್ರೈವರಿಲ್ಲದ ಆ ಠಾಣೆ ಯಾವುದೆಂದು ನಾನಿಲ್ಲಿ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಠಾಣೆಗೊಂದು ನೋಟಿಸ್ ಕಳಿಸಿ ತಾವು ನೆಮ್ಮದಿಯಾಗಿಬಿಡುತ್ತೀರಿ.

ನಮ್ಮ ಬೀದಿಯಲ್ಲಿ ಬಷೀರ್ ಅಹಮದ್ ಅವರ ವೆಲ್ಡಿಂಗ್ ಅಂಗಡಿ ಇದೆ. ಹೊಗೆ ಕಂಡು ಓಡಿ ಬಂದವರು ಅವರೇ. ಕಿಟಕಿಯಲ್ಲಿ ಅಮ್ಮನನ್ನು ಕಂಡು, ಠಾಣಾಧಿಕಾರಿಯ ಮೊಬೈಲಿಗೇ ಫೋನ್ ಮಾಡಿದರು. ಮನೆ ಖಾಲಿ ಎಂದು ಮಾಹಿತಿ ಬಂದಿದೆಯಲ್ಲ ಎಂದು ಅವರು ಹೇಳಿದ್ದಕ್ಕೆ, “ಸಾರ್, ಖಾಲಿ ಅಂತ ಯಾರ್ ಹೇಳಿದ್ದು ನಿಮ್ಗೆ? ಅಮ್ಮ ಒಳಗವ್ರೆ ಸಾರ್, ನನ್ ಕಣ್ಣಾರೆ ನೋಡ್ತಾ ಇದೀನಿ!” ಎಂದು ಕಿರುಚಿದರು. ಬೆಂಕಿಗೆ ಹೆದರಿ ಊರಿನವರು ಕರೆಂಟು ತೆಗೆಸಿದ್ದರಿಂದ ಅವರ ಕಟಿಂಗ್ ಮಷೀನ್ ಓಡಲಿಲ್ಲ. ಹಾರೆ ಹಾಕಿ ಗ್ರಿಲ್ ಮೀಟಿ ಅಮ್ಮನನ್ನು ಹೊರಗೆ ತಂದರು. ಅಷ್ಟರಲ್ಲಿ ತಡವಾಗಿತ್ತು. “ಟೀಚರಮ್ಮ, ಮೈ ಬಿಸಿ ಇತ್ತು, ಇನ್ನೂ ಇದಾರೆ ಅನ್ಕೊಂಡೇ ಎತ್ಕೊಂಡ್ ಬಂದೆ” ಎಂದು ಈಗಲೂ ಕಂಡಾಗಲೆಲ್ಲ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ.

ಇನ್ನು ಆ ಠಾಣಾಧಿಕಾರಿಯ ವಿಷಯ. ಭಾನುಪ್ರಕಾಶ್ ಎಂಬುವವರು. ಅವರದು ‘ಪ್ರಭಾರ’. ಎರಡು ಠಾಣೆಗಳ ಹೊಣೆ ಒಬ್ಬರ ತಲೆಯ ಮೇಲೆ. ಅಧಿಕಾರ ಮಾತ್ರ ಒಂದರದ್ದೂ ಪೂರ್ತಿಯಿಲ್ಲ. ತಿಥಿ ಎಲ್ಲ ಮುಗಿದ ಮೇಲೆ ಒಂದು ಭಾನುವಾರ, ಯೂನಿಫಾರಂ ಇಲ್ಲದೆ, ನಾನೀಗಿರುವ ಬಾಡಿಗೆ ಕೋಣೆಗೆ ಬಂದರು. ಕೊಟ್ಟ ಕಾಫಿ ಮುಟ್ಟಲಿಲ್ಲ. ನಾನು ಬೈಯಬೇಕೆಂದೇ ಇದ್ದೆ.

“ಬಷೀರ್ ಭಾಯ್ ಫೋನ್ ಮಾಡಿದಾಗ ನಾನು ಗಾಡೀಲೇ ಇದ್ದೆ ಮೇಡಂ. ಇನ್ನೂ ಠಾಣೆ ಇರೋ ಊರ್ ಸಹ ದಾಟಿರ್ಲಿಲ್ಲ. ಡ್ರೈವರ್ ಸ್ಟೇರಿಂಗ್ ಹಿಡ್ಕೊಂಡು ನನ್ ಮುಖಾನೇ ನೋಡ್ತಿದ್ದ, ತಿರುಗ್ಸು ಅಂತ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತು.”

“ಯಾಕ್ರೀ ಹೇಳ್ಲಿಲ್ಲ?”

“ಹೋದ್ವರ್ಷ ಹಿಂಗೇ ಒಂದ್ಸಲ, ಹಳ್ಳಿಯವ್ರು ಹೇಳಿದ್ರು ಅಂತ ಮೆದೆಗೆ ಬಿದ್ದ ಬೆಂಕಿ ಆರ್ಸಕ್ಕೆ ಗಾಡಿ ತಿರುಗಿಸ್ದೆ. ಆದೇಶ ಇಲ್ದೆ ಮಾರ್ಗ ಬದಲಾಯಿಸಿದ್ಯಾಕೆ ಅಂತ ವಿಚಾರಣೆ ನಡೀತು. ಅದಿನ್ನೂ ಮುಗ್ದಿಲ್ಲ. ಅದಕ್ಕೇ ಗಾಡಿ ಪಕ್ಕಕ್ಕೆ ಹಾಕ್ಸಿ ಕಂಟ್ರೋಲ್ ರೂಂನ ಕೇಳ್ದೆ. ಪರದೇಲಿ ಖಾಲಿ ಅಂತಿದೆ, ಪರಿಶೀಲಿಸಿ ತಿಳಿಸ್ತೀವಿ, ಕಾಯಿರಿ ಅಂದ್ರು. ಕಾದೆ ಮೇಡಂ.”

ಕಾಫಿ ಲೋಟ ಪಕ್ಕಕ್ಕೆ ಸರಿಸಿ, “ಠಾಣೆ ಹುಡುಗ್ರು ಈಗ ನನ್ ಜೊತೆ ಕೂತು ಊಟ ಮಾಡಲ್ಲ. ಮೇಲಿನೋರು ಫೋನ್ ಎತ್ತಲ್ಲ. ಯಾರ್ ಹತ್ರ ಹೇಳ್ಕೊಳ್ಲಿ ಅಂತ ನಿಮ್ ಹತ್ರಾನೇ ಬಂದೆ” ಎಂದರು. ನನಗೆ ಬೈಯಲಾಗಲಿಲ್ಲ.

ಟ್ಯಾಂಕಿನ ತುಂಬ ನೀರು, ಚಾಲೂ ಇರುವ ಎಂಜಿನ್, ಕೈಕಟ್ಟಿ ಕೂತ ಸಿಬ್ಬಂದಿ. ರಸ್ತೆ ಪಕ್ಕದಲ್ಲಿ ನಿಂತ ಆ ಗಾಡಿಯೇ ತಮ್ಮ ಆಡಳಿತ, ಮಾನ್ಯರೇ. ಅಧಿಕಾರಿಗಳಿಗೆ ನಾಯಕತ್ವದ ಶಿಬಿರ ಮಾಡಿಸುತ್ತೀರಂತೆ, ಸ್ಥಳದಲ್ಲೇ ನಿರ್ಧಾರ ಕೈಗೊಳ್ಳುವುದು ಹೇಗೆಂದು ಚಿತ್ರ ತೋರಿಸಿ ಪಾಠ ಹೇಳಿಸುತ್ತೀರಂತೆ. ಶಿಬಿರದಿಂದ ಬಂದವನು ಸ್ಥಳದಲ್ಲೇ ನಿರ್ಧಾರ ಕೈಗೊಂಡರೆ ವಿಚಾರಣೆ ಮಾಡುವವರೂ ತಾವೇ. ಧೈರ್ಯವಿಲ್ಲದವನನ್ನು ಬಯ್ಯಬಹುದು. ಧೈರ್ಯ ಇದ್ದವನಿಗೆ ಅದನ್ನು ಬಿಡಿಸಿದವರನ್ನು ಏನೆನ್ನಬೇಕು? ಉರಿಯುವ ಮನೆಯ ಮುಂದೆ ನಿಂತವನ ಮಾತು ಬಾಯಿಮಾತು, ಪರದೆಯ ಮೇಲಿನ ಒಂದು ಗುರುತು ಮಾತ್ರ ಮಾಹಿತಿ ಎಂದು ಯಾವ ಸುತ್ತೋಲೆಯಲ್ಲಿ ಬರೆದಿದ್ದೀರಿ? ಬೆಂಕಿ ಆರಿಸಲು ಹೊರಟ ಅಧಿಕಾರಿಯೊಬ್ಬ ಅಷ್ಟೊಂದು ಒಂಟಿಯಾಗಿರಬೇಕೇ?

ವರದಿ ಬರೆಯುವ ಕಲೆ ಮಾತ್ರ ತಮಗೆ ಕರಗತ. ಕರೆ ಕೇಂದ್ರದ ಲೋಪವಿಲ್ಲ, ಠಾಣೆಯ ಲೋಪವಿಲ್ಲ, ವ್ಯವಸ್ಥೆಯ ಲೋಪ ಮೊದಲೇ ಇಲ್ಲ. ಯಾರ ಕೆಲಸಕ್ಕೂ ಕುತ್ತು ಬರಬಾರದು, ಹಾಗಾಗಿ ಇನ್ನು ಮಾತಾಡಲಾರದ ಒಬ್ಬಳನ್ನು ಹುಡುಕಿ ತಪ್ಪನ್ನು ಅವಳ ತಲೆಗೆ ಕಟ್ಟಿದಿರಿ. ಧ್ವನಿಮುದ್ರಣ ಕೇಳಿಸಿದ ದಿನ ನಾನು ಪದಪದಕ್ಕೂ ಅರ್ಥ ಬಿಡಿಸಿ ಹೇಳಿದೆ. ನಿಮ್ಮ ಗುಮಾಸ್ತರು ಪಾಪ, ನೊಂದುಕೊಂಡರು. “ನಮ್ಗೂ ಗೊತ್ತಾಗ್ತದೆ ಮೇಡಂ, ನಾನೂ ಬಾಗೇಪಲ್ಲಿ ಕಡೆಯೋನೇ. ಆದ್ರೆ ವರದಿ ಆಗೋಗಿದೆ” ಎಂದರು. ನಿಮ್ಮ ಕಚೇರಿಯಲ್ಲೇ ತೆಲುಗು ಬರುವವರು ಇದ್ದರು, ಮಾನ್ಯರೇ. ಯಾರೂ ಅವರನ್ನು ಕೇಳಲಿಲ್ಲ ಅಷ್ಟೇ.

ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಕನ್ನಡ ಮಾತಾಡುತ್ತೇನೆ. ಪಾಠ, ಸಂತಾಪಕ್ಕೆ ಉತ್ತರ, ನಿಮ್ಮ ಕಚೇರಿಗೆ ಮನವಿ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಆಡಲು ಮಾತಿಲ್ಲ, ಏಕೆಂದರೆ ಒಳಗಿನ ಭಾಷೆಗೆ ನನ್ನ ಪಾಲಿಗೆ ಇದ್ದದ್ದು ಒಬ್ಬಳೇ. ಮೊನ್ನೆ ಹಾಲು ಉಕ್ಕಿದಾಗ ಬಾಯಿಂದ ‘ಅಮ್ಮಾ, ಪಾಲು’ ಎಂದು ಬಂತು. ಅಷ್ಟು ಚಿಕ್ಕ ಮಾತಿಗೆ ಒಲೆಯ ಮುಂದೆ ಕೂತು ಅತ್ತೆ. ಅವಳ ಫೋಟೊ, ಫೋನು, ಸೀರೆ ಎಲ್ಲ ಬೆಂಕಿಗೆ ಹೋಯಿತು. ಅವಳ ದನಿ ಈಗ ಉಳಿದಿರುವುದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ.

ಆದ್ದರಿಂದ ಕೇಳುತ್ತಿದ್ದೇನೆ. ಕಡತ ಮುಚ್ಚುವ ಮುನ್ನ ಆ ವಾಕ್ಯ ಹೊಡೆದುಹಾಕಿ, ‘ಮನೆ ಸುಡುತ್ತಿದೆ ಎಂದು ಕರೆ ಮಾಡಿದವರು ಸರಿಯಾಗಿ ತಿಳಿಸಿದ್ದರು’ ಎಂದು ಬರೆಯಿರಿ. ಅದರ ಕೆಳಗೆ ತಾವೇ ಸಹಿ ಹಾಕಿ. ಆ ಹುಡುಗಿಯನ್ನು ಕೆಲಸದಿಂದ ತೆಗೆದು ನನಗೆ ನ್ಯಾಯ ಕೊಡಿಸಿದೆವೆಂದು ಪತ್ರಿಕಾ ಹೇಳಿಕೆ ಕೊಡಬೇಡಿ. ತೆಲುಗು ಬಲ್ಲವರೊಬ್ಬರನ್ನು ಅವಳ ಪಕ್ಕ ಕೂರಿಸಿ. ಬೆಂಕಿಯನ್ನು ಕಣ್ಣಾರೆ ಕಂಡವರು ಕರೆದಾಗ ಗಾಡಿ ತಿರುಗಿಸುವ ಅಧಿಕಾರವನ್ನು ಠಾಣೆಯವರಿಗೆ ಬರಹದಲ್ಲಿ ಕೊಡಿ. ಭಾನುಪ್ರಕಾಶರ ಮೇಲಿನ ಹಳೆಯ ವಿಚಾರಣೆ ಕೈಬಿಡಿ. ಧ್ವನಿಮುದ್ರಣದ ಪ್ರತಿಯೊಂದನ್ನು ನನಗೆ ಕೊಡಿ, ಆಮೇಲೆ ಬೇಕಿದ್ದರೆ ಅಳಿಸಿಕೊಳ್ಳಿ.

ಆದರೆ ಅಳಿಸುವ ಮುನ್ನ ತಾವು ಅದನ್ನೊಮ್ಮೆ ಕೊನೆಯವರೆಗೆ ಕೇಳಬೇಕು. ವರದಿಯಲ್ಲಿ ಸೇರಿಸದೆ ಬಿಟ್ಟ ಭಾಗವೊಂದು ಅಲ್ಲಿದೆ. ಕರೆ ಮುಗಿಸುವ ಮೊದಲು ಆ ಹುಡುಗಿ ಕಾಳಜಿಯಿಂದಲೇ ಹೇಳುತ್ತಾಳೆ: “ಗಾಡಿ ಬರ್ತೈತ್ರಿ ಅಮ್ಮಾ, ನೀವು ದೂರ ಹೋಗಿ ನಿಂದರ್ರಿ.” ಅಮ್ಮ ಕೆಮ್ಮುತ್ತಾ ಕೇಳುತ್ತಾಳೆ: “ಯಾಡಿಕಿ ಪೋಯೇದಮ್ಮಾ?”

ಎಲ್ಲಿಗೆ ಹೋಗಲಮ್ಮಾ ಎಂದು. ಆಯಿತೆಂಬಂತೆ ಹುಡುಗಿ “ಆತ್ರಿ ಅಮ್ಮಾ” ಎನ್ನುತ್ತಾಳೆ, ಕರೆ ಕಡಿದುಹೋಗುತ್ತದೆ.

ಇಂತಿ,
ತಪ್ಪು ಮಾಹಿತಿ ಕೊಟ್ಟವಳ ಮಗಳು,
ಯಾಮಿನಿ
(ಬಾಡಿಗೆ ಕೋಣೆಯ ವಿಳಾಸ ತಮ್ಮ ಕಚೇರಿಯಲ್ಲಿದೆ. ಸಂಜೆಯ ನಂತರ ಯಾವಾಗ ಬಂದರೂ ನಾನೊಬ್ಬಳೇ ಇರುತ್ತೇನೆ.)