ಕಿನಾಸಿಯ ಎಡಗೈ

ಕ್ಲಾಟೆನ್, ಜಾವಾ; ಉಪವಾಸದ ತಿಂಗಳು ಇನ್ನೇನು ಹತ್ತಿರ

ಮಸೀದಿಯ ಹಿಂದಿನ ಮಣ್ಣಿನಲ್ಲಿ ಮಲಗಿರುವ ಅತ್ತೆಯವರಿಗೆ, ಸೊಸೆ ವುರ್ಯಾನಿಯ ಸಲಾಮು.

ನೀವಿದ್ದಾಗ ನಿಮಗೆ ಎದುರಾಡುವ ಧೈರ್ಯ ನನಗಿರಲಿಲ್ಲ. ಈಗ ನೀವು ತಿರುಗಿ ಬೈಯಲಾರಿರಿ ಎಂದು ಬರೆಯುತ್ತಿದ್ದೇನೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅತ್ತೆ. ನೀವಿಲ್ಲದ ಮನೆ ಬಿಕೋ ಎನ್ನುತ್ತಿದೆ ಎಂಬುದೂ ಅಷ್ಟೇ ನಿಜ.

ನಿನ್ನೆ ನಿಮ್ಮ ಮೊಮ್ಮಗಳು ಕಿನಾಸಿಯನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಅವಳಂತೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ತಾವೇ ಉಣ್ಣುತ್ತಾರೆಯೇ, ಕೈ ತೊಳೆಯುತ್ತಾರೆಯೇ, ಅಂಗಿ ಹಾಕಿಕೊಳ್ಳುತ್ತಾರೆಯೇ ಎಂದು ಎದುರು ಕೂತು ನೋಡುತ್ತಾರೆ. ಪಾಸಾದರೆ ನಮ್ಮ ಗಲ್ಲಿಯ ಶಿಶುವಿಹಾರದಲ್ಲೇ ಸಂಜೆಯವರೆಗೆ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ದೂರದ ಸೆಮಾರಂಗಿನ ವಸತಿ ನಿಲಯ, ಗೊತ್ತಿಲ್ಲದವರ ನಡುವೆ. ನಿಮ್ಮ ಮಗ ಹಡಗು ಹತ್ತಿದವರು ಇತ್ತ ತಲೆ ಹಾಕಲಿಲ್ಲ. ನಾನು ತೋಫು ಮಾಡುವ ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ.

ಅವಳ ಬಲಗೈ ಹುಟ್ಟಿದಾಗಿನಿಂದ ಸೆಟೆದು ಮಡಚಿದೆ. ಎಡಗೈ ಚೆನ್ನಾಗಿದೆ. ಆದರೆ ಅದು ಅನ್ನದ ಕಡೆ ಹೋದರೆ ಸಾಕು, ನೀವು ಪಟ್ಟನೆ ಹೊಡೆಯುತ್ತಿದ್ದಿರಿ. ಅದೊಂದೇ ಅವಳಿಗಿರುವ ಕೈ ಎಂದು ಒಮ್ಮೆ ಗೊಣಗಿದ್ದಕ್ಕೆ ನೀವು ಹೇಳಿದ್ದು ನೆನಪಿದೆ: "ಕೈ ನೆಟ್ಟಗಿಲ್ಲ ಅಂತ ಜನ ಅಂದ್ರೆ ಅನ್ಲಿ ಕಣೇ. ಮಗೂನ ನೆಟ್ಟಗೆ ಬೆಳೆಸಿಲ್ಲ ಅಂತ ಯಾರೂ ಅನ್ಬಾರ್ದು." ಆಮೇಲೆ ಅವಳನ್ನು ಸೊಂಟಕ್ಕೆ ಕಟ್ಟಿಕೊಂಡು ಗಲ್ಲಿಯೆಲ್ಲ ಸುತ್ತಿ, ತುತ್ತು ತುತ್ತಾಗಿ ನೀವೇ ಉಣಿಸಿದಿರಿ. ಅಂಥ ಪ್ರೀತಿಯನ್ನು ಬೈಯುವುದಾದರೂ ಹೇಗೆ?

ಪರೀಕ್ಷೆ ಮಾಡುವ ರೆತ್ನಾನಿ ಮೇಡಂ ಅನ್ನ, ಸೋಯಾ ಕಾಳು ಹುದುಗಿಸಿ ಕರಿದ ತೆಂಪೆ ಇಟ್ಟು ಚಮಚವನ್ನು ಎಡಗಡೆಗೇ ಸರಿಸಿದರು. "ತಿನ್ನು ಪುಟ್ಟಿ. ಅಮ್ಮ ಮಾತ್ರ ಕೈ ಹಾಕೋ ಹಾಗಿಲ್ಲ." ಕಿನಾಸಿ ಎಡಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೇ ಕೂತಳು. ಮಡಚಿದ ಬಲಗೈಯಿಂದ ತಟ್ಟೆ ನೂಕಿದಳು, ಅನ್ನವೆಲ್ಲ ಮಡಿಲಿಗೆ ಬಿತ್ತು. ನನಗೆ ತಡೆಯಲಾಗಲಿಲ್ಲ. "ಆ ಕೈಲಿ ತಿನ್ನೇ, ನಾನೇ ಹೇಳ್ತಿದೀನಲ್ಲ!" ಎಂದು ಕೂಗಿದೆ.

"ಬೇಡಮ್ಮ. ಅಜ್ಜಿ ನೋಡ್ತಿರ್ತಾರೆ," ಎಂದಳು.

ಯಾರೂ ಇಲ್ಲದಾಗ ಬಾವಿಯ ಹಿಂದೆ ಅವಳು ಎಡಗೈಯಲ್ಲೇ ತೆಂಪೆಗೆ ಸುತ್ತಿದ ಎಲೆ ಬಿಚ್ಚಿ ತಿನ್ನುವುದನ್ನು ಕಂಡಿದ್ದೇನೆ ಎಂದು ಮೇಡಂಗೆ ಎಷ್ಟು ಹೇಳಿದೆನೋ. "ಇರಬಹುದಮ್ಮ. ಆದ್ರೆ ಕದ್ದು ತಿನ್ನೋದನ್ನ ನಾನು ಲೆಕ್ಕಕ್ಕೆ ತಗೊಳ್ಳೋದು ಹೇಗೆ? ಶಿಶುವಿಹಾರದಲ್ಲಿ ಎಲ್ಲರ ಎದುರೂ ತಿನ್ನಬೇಕಲ್ಲ," ಎಂದರು. ಕೆಟ್ಟವರೇನಲ್ಲ. ಅವಳ ಮಡಿಲಿನ ಅನ್ನವನ್ನು ತಾವೇ ಒರೆಸಿದರು. ಸೋಮವಾರ ಇನ್ನೊಮ್ಮೆ ನೋಡುತ್ತಾರಂತೆ. ಅದೇ ಕೊನೆ.

ಇವತ್ತು ನಿಮ್ಮ ಗೋರಿಯ ಕಸ ಗುಡಿಸಿ ಹೂವು ಹಾಕಲು ಬಂದಿದ್ದೆವು. ಕಿನಾಸಿ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಬಲಗೈ ಮುಷ್ಟಿಯಲ್ಲಿ ನಲುಗಿದ ಎಸಳುಗಳನ್ನು ಕಲ್ಲಿಗೆ ಉಜ್ಜಿ ಉಜ್ಜಿ ಉದುರಿಸಿದಳು. ಬೆರಳಿನ ಗೆಣ್ಣು ತರಚಿತ್ತು. "ಈಗ ಅಜ್ಜಿಗೆ ಖುಷಿ ಆಯ್ತಾ?" ಎಂದು ನನ್ನನ್ನೇ ಕೇಳಿದಳು. ನಾನು ಆ ಗೆಣ್ಣಿನ ಮಣ್ಣು ಒರೆಸಿದೆ.

ನನ್ನ ಮಾತು ಅವಳ ಮುಂದೆ ನಡೆಯುವುದಿಲ್ಲ, ಅತ್ತೆ. ನಡೆದರೆ ನಿಮ್ಮದೇ. ಸೋಮವಾರದೊಳಗೆ ಒಮ್ಮೆ ಅವಳ ಕನಸಿಗೆ ಬನ್ನಿ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಆದರೆ ಒಂದು ತುತ್ತು ಅನ್ನವನ್ನು ನಿಮ್ಮ ಕೈಯಾರೆ ಅವಳ ಎಡಗೈಗೆ ಹಾಕಿ, ತಿನ್ನು ಎನ್ನಿ.

ನಿಮ್ಮ ಮಣ್ಣು ತಂಪಾಗಿರಲಿ.

ನಿಮ್ಮ ಸೊಸೆ,
ವುರ್ಯಾನಿ