ಕೇಳದೆ ಬಿಟ್ಟ ಪ್ರಶ್ನೆ

ಮಾರ್ಚ್ 4, ಮಂಗಳವಾರ

ಮನೋರೋಗ ವಿಭಾಗದ ಓಪಿಡಿ ಮುಗಿಯಿತು. ಇಡೀ ದಿನ ಅದೇ ಪ್ರಶ್ನೆಗಳು— ಯಾವಾಗಿನಿಂದ ಹೀಗೆ, ನಿದ್ದೆ ಹೇಗೆ, ಊಟ ಸೇರುತ್ತಾ. ಕೊನೆಗೆ, ದನಿ ಬದಲಿಸದೆ, ಸಾಯಬೇಕು ಅನ್ನಿಸಿದೆಯಾ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಹಿಂಜರಿಯಬೇಡಿ ಎಂದು ಹೊಸ ಡಾಕ್ಟರುಗಳಿಗೆ ಇವತ್ತೂ ಪಾಠ ಮಾಡಿದೆ. ಚೆನ್ನಾಗಿಯೇ ಮಾಡುತ್ತೇನೆ.

ಒಬ್ಬ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತರು. ಟಿಶ್ಯೂ ಕೊಟ್ಟೆ. ನನಗೇನೂ ಆಗಲಿಲ್ಲ.

ಮಾರ್ಚ್ 5

ಬೆಳಕು ಹರಿಯುವ ಮೊದಲೇ ಎಚ್ಚರ. ಕಾರಣ? ಇಲ್ಲ. ರೋಗಿಗಳೂ ಹೀಗೇ ಹೇಳುತ್ತಾರೆ. ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ.

ತಂಗಿ ಟೈಲರ್, ಮನೆಯ ಮುಂಭಾಗದಲ್ಲೇ ಅಂಗಡಿ. ನನ್ನ ಬಟ್ಟೆಗಳ ಸಡಿಲ ಹಿಡಿದೂ ಹಿಡಿದೂ ಸಾಕಾಯಿತಂತೆ, ಇನ್ನು ತೆಳ್ಳಗಾದರೆ ಮಕ್ಕಳ ಅಳತೆ ತೆಗೆಯುತ್ತಾಳಂತೆ. ನಗಬೇಕಿತ್ತು, ನಕ್ಕೆ.

ಮಾರ್ಚ್ 11

ಬರೆಯುವಂಥದ್ದೇನೂ ಇರಲಿಲ್ಲ.

ತಂಗಿಯ ಕಾಟ ತಡೆಯಲಾರದೆ ಒಪ್ಪಿದೆ. ನಾಳೆ ನಮ್ಮದೇ ವಿಭಾಗದ ಕಿರಿಯ ಡಾಕ್ಟರಿಗೆ ತೋರಿಸಿಕೊಳ್ಳುವುದು. ನನ್ನ ಶಿಷ್ಯನೇ. ಕೊನೆಯ ಪ್ರಶ್ನೆಗೆ ‘ಇಲ್ಲ’ ರೆಡಿ ಮಾಡಿಟ್ಟಿದ್ದೇನೆ. ತೀರಾ ಬೇಗ ಹೇಳಬಾರದು, ಅನುಮಾನ ಬರುತ್ತದೆ.

ಮಾರ್ಚ್ 12, ಮಧ್ಯಾಹ್ನ

ರೋಗಿಯ ಕುರ್ಚಿ ಗಿಡ್ಡ. ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ನನ್ನನ್ನು ನೋಡಿ ಎದ್ದು ನಿಂತ. ಕೂತ್ಕೊಳ್ಳಪ್ಪಾ ಎಂದೆ. ನಿದ್ದೆ ಕೇಳಿದ, ಊಟ ಕೇಳಿದ. ಹೇಳಿದೆ. ಆಮೇಲೆ ಪೆನ್ನಿನ ಕ್ಯಾಪ್ ಹಾಕಿಬಿಟ್ಟ.

“ಮುಂದಿನದ್ದೆಲ್ಲ ನಿಮ್ಮನ್ನ ಕೇಳೋದಾ, ಮೇಡಂ? ನಾಲ್ಕು ದಿನ ರೆಸ್ಟ್ ತಗೊಳ್ಳಿ, ಸರಿಹೋಗುತ್ತೆ.”

ಬಚಾವ್ ಆದೆ. ಆದರೂ ಕಾರಿಡಾರಿನಲ್ಲಿ ಅವನು ಕೇಳಬಹುದಿತ್ತಲ್ಲ ಅನ್ನಿಸಿತು. ಸಿಟ್ಟೂ ಬಂತು. ಆಮೇಲೆ ಅದೂ ಹೋಯಿತು.

ಅದೇ ದಿನ, ಸಂಜೆ

ಏನೇನು ಕೇಳಿದ ಎಂದು ತಂಗಿ ವಿಚಾರಿಸಿದಳು. ಹೇಳಿದೆ. ಬಾಯಲ್ಲಿದ್ದ ಗುಂಡುಪಿನ್ನು ತೆಗೆದಳು.

“ಅಷ್ಟೇನಾ? ಸಾಯ್ಬೇಕು ಅನ್ಸುತ್ತಾ ಅಂತ ಕೇಳ್ಲೇ ಇಲ್ವಾ?”

“ಇಲ್ಲ. ಅವನಿಗೆ ಸಂಕೋಚ.”

“ಅವನ ಸಂಕೋಚಕ್ಕಿಷ್ಟು. ನಾನು ಕೇಳ್ತೀನಿ. ಅನ್ಸುತ್ತಾ ಅಕ್ಕ?”

ಇವಳಿಗೆ ಹೇಳಲು ಉತ್ತರ ರೆಡಿ ಮಾಡಿರಲಿಲ್ಲ.

“ಅನ್ಸುತ್ತೆ” ಎಂದೆ.

ಅವಳು ಕಿರುಚಲಿಲ್ಲ, ಅಳಲಿಲ್ಲ. ಮೆಷಿನ್ ಆಫ್ ಮಾಡಿ ಪಕ್ಕಕ್ಕೆ ಬಂದು ಕೂತಳು. ಮಾತ್ರೆ ಗೀತ್ರೆ ಕೂಡಿಟ್ಟುಕೊಂಡದ್ದು ಏನಾದರೂ ಇದೆಯಾ ಅಂತಲೂ ಕೇಳಿದಳು. ತಂದು ಅವಳ ಕೈಗೆ ಕೊಟ್ಟೆ.

ಮಾರ್ಚ್ 13, ಬೆಳಿಗ್ಗೆ

ರಾತ್ರಿ ತಂಗಿ ನನ್ನ ಹಾಸಿಗೆಯಲ್ಲೇ ಮಲಗಿದ್ದಳು. ಅಂಗಡಿ ತೆರೆದಿಲ್ಲ. ಫೋನಿನಲ್ಲಿ ನನ್ನ ಶಿಷ್ಯನ ಗ್ರಹಚಾರ ಬಿಡಿಸಿದ್ದು ಬಚ್ಚಲಿನವರೆಗೂ ಕೇಳಿಸಿತು. ಪಾಪ, ಈಗಲೇ ಬನ್ನಿ ಅಂದನಂತೆ.

ಇವತ್ತು ಎಲ್ಲ ಕೇಳುತ್ತಾನೆ. ಇವಳೂ ಒಳಗೆ ಬರುತ್ತಾಳಂತೆ. ಮನೆಯವರನ್ನು ಹೊರಗೆ ಕೂರಿಸಬೇಕು, ನಾನೇ ಮಾಡಿದ ರೂಲ್ ಎಂದೆ. ದುರುಗುಟ್ಟಿ ನೋಡಿದಳು. ಬರಲಿ ಬಿಡು.

ಅಕ್ಷರ ನೆಟ್ಟಗಿಲ್ಲ. ಭಯ. ಹೌದು, ಭಯವೇ. ಹೀಗೆ ಏನಾದರೂ ಅನ್ನಿಸಿ ಎಷ್ಟು ದಿನವಾಗಿತ್ತು... ಬಾಗಿಲಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು ನಿಂತಿದ್ದಾಳೆ, ಇನ್ನು—